ಬೀಗರಿಗೆ ಕಳಿಸುವ ಮಾಂಸ

ನಮ್ಮ ಅಂಗಡಿಯಲ್ಲಿ ಮಾಂಸವನ್ನು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತೇವೆ. ಅಪ್ಪನ ಕಾಲದಲ್ಲಿ ಮುತ್ತಲ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ನನ್ನ ತಂಗಿ ಇವೆರಡೂ ಅಲ್ಲದ ಮೂರನೆಯದೊಂದನ್ನು ಮಾಡಲು ಹೊರಟಿದ್ದಳು. ಗೋವಿನಜೋಳದ ಹಿಟ್ಟಿನ ಗಂಜಿ ಕಾಯಿಸಿ, ಅದಕ್ಕೆ ಲವಂಗದ ಎಣ್ಣೆ ಬೆರೆಸಿ, ತೆಳುವಾಗಿ ಹರಡಿ ಒಣಗಿಸಿದರೆ ಪ್ಲಾಸ್ಟಿಕ್ಕಿನಂಥ ಹಾಳೆ ಬರುತ್ತದೆ. ಅದರಲ್ಲಿ ಸುತ್ತಿದ ಮಾಂಸದ ಮೇಲೆ ಕ್ರಿಮಿಗಳು ಬೇಗ ಬೆಳೆಯುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಅದನ್ನು ತೋರಿಸಿಕೊಟ್ಟರೆ ಅವಳಿಗೆ ಡಾಕ್ಟರೇಟ್.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ಗಬ್ಬೂರಿನ ಈ ಅಂಗಡಿಯಲ್ಲಿ ನಿಂತವನು. ಅವಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಆಹಾರ ವಿಜ್ಞಾನ ಓದಿದಳು, ಅಲ್ಲೇ ಸಂಶೋಧನೆಗೆ ಸೇರಿದಳು. ಪ್ರಯೋಗಕ್ಕೆ ಮಾಂಸ ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ಬರಲಿಲ್ಲ. ಅಣ್ಣನ ಅಂಗಡಿ ಇತ್ತಲ್ಲ.

ಅವಳು ಹೇಳಿದ್ದು ಒಂದೇ ಮಾತು. "ಗಿರಾಕಿಗೆ ಹೆಂಗ ಕೊಡ್ತಿ, ಹಂಗ ಕೊಡು ಅಣ್ಣಾ. ನನ್ನ ಸಲುವಾಗಿ ಏನೂ ಬ್ಯಾರೆ ಮಾಡಬ್ಯಾಡ."

ಮೊದಲ ಕೆಲವು ಸಲ ಹಾಗೆಯೇ ಕೊಟ್ಟೆ. ಕೊಕ್ಕೆಯಿಂದ ತೊಡೆ ಇಳಿಸಿ, ಹುಣಸೆ ಕೊರಡಿನ ಮೇಲಿಟ್ಟು, ಸತ್ತೂರದಿಂದ ಕಡಿದು ಕೊಡುತ್ತಿದ್ದೆ. ಅವಳು ತನ್ನ ಬರ್ಫದ ಡಬ್ಬಿಯಲ್ಲಿ ಹಾಕಿಕೊಂಡು ಧಾರವಾಡದ ಬಸ್ಸು ಹಿಡಿಯುತ್ತಿದ್ದಳು. ಒಂದು ದಿನ ಕೊರಡನ್ನೂ ಸತ್ತೂರವನ್ನೂ ಹತ್ತಿಯಿಂದ ಒರೆಸಿಕೊಂಡು ಹೋದಳು. ಹಾಗೆ ಅವಳು ಬಗ್ಗಿ ಒರೆಸುತ್ತಿದ್ದಾಗ, ಕಾಯಂ ಗಿರಾಕಿಯಾದ ವಿದ್ಯಾನಗರದ ಕಾಕಾ ಒಬ್ಬರು ಚೀಲಕ್ಕೆ ಕೈ ಚಾಚಿ ನಿಂತಿದ್ದರು. ಅವರಿಗೂ ಹಾಳೆ ತೋರಿಸಿದಳು.

"ಇದರಾಗ ಸುತ್ತಿದ್ರ ಮಾಂಸ ಭಾಳ ಹೊತ್ತು ತಾಜಾ ಇರತೈತ್ರಿ, ಕಾಕಾ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಲ್ಲಾ ಕಾಣತೈತಲ್ಲ ತಂಗೀ. ನಮ್ಮ ಓಣಿ ಮಂದಿ ಮುಂದ ಹೆಂಗ ಒಯ್ಯಲಿ? ಕರೀದು ಮಾಡು, ನಾನೂ ಒಯ್ತೇನಿ, ನಮ್ಮ ಓಣಿ ಶರಣರೂ ಒಯ್ತಾರ."

ಮೂವರೂ ನಕ್ಕೆವು.

ಆಮೇಲೆ ಅವಳ ಕಾಲೇಜಿನಲ್ಲಿ ಒಂದು ಕಾರ್ಯಕ್ರಮವಾಯಿತು. ಸಂಶೋಧನೆ ಮಾಡುವವರು ತಮ್ಮ ಕೆಲಸ ತೋರಿಸುವ ದಿನ. ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ತಂಗಿ ಪರದೆಯ ಮೇಲೆ ಗಾಜಿನ ಸಣ್ಣ ತಟ್ಟೆಯೊಂದರ ಚಿತ್ರ ತೋರಿಸಿದಳು. ತಟ್ಟೆಯ ತುಂಬ ಹಳದಿ, ಬಿಳಿ ಚುಕ್ಕೆಗಳು. ಗಜಕರ್ಣ ಹತ್ತಿದ ಚರ್ಮದಂತೆ ಕಾಣುತ್ತಿತ್ತು. "ಇವು ಮಾಂಸ ಕಡಿಯುವ ಒಂದು ಕೊರಡಿನಿಂದ ತೆಗೆದ ಕ್ರಿಮಿಗಳು" ಎಂದಳು. ಅಂಗಡಿಯ ಹೆಸರು ಹೇಳಲಿಲ್ಲ. ಆದರೂ ಕೊರಡು ಯಾರದೆಂದು ನನಗೆ ಗೊತ್ತಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು ನಕ್ಕಳು. ಊಟಕ್ಕೆ ಎಲ್ಲರೂ ಏಳುವಾಗ ನಾನು ತಂಗಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ನಡೆದೆ.

ತಪ್ಪು ಮಾಡಿದ್ದು ಅದರ ನಂತರ.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಬೀಗರಿಗೆ ಕಳಿಸುವ ಮಾಂಸವನ್ನು ಅಂಗಡಿಯ ಮಾಂಸದಂತೆ ಕಳಿಸುವುದಿಲ್ಲ. ಸುಳ್ಳ ಎಂಬ ಊರಿನಲ್ಲಿರುವ ನಮ್ಮ ಬೀಗರಿಗೆ ಅಪ್ಪ ಕಳಿಸುವಾಗ ಕೊರಡಿನ ಮೇಲೆ ಕುದಿಯುವ ನೀರು ಹೊಯ್ದು, ಸತ್ತೂರವನ್ನು ಬೆಂಕಿಗೆ ಹಿಡಿದು, ಆಮೇಲೆ ಕಡಿಯುತ್ತಿದ್ದ. ಕಡಿದ ತುಂಡನ್ನು ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿಗೆ ಲಿಂಬೆಹಣ್ಣು ಹಿಂಡಿ ಅದರಲ್ಲಿ ಅದ್ದಿ, ಒಗೆದ ಬಿಳಿ ಅರಿವೆಯಿಂದ ಒರೆಸುತ್ತಿದ್ದ. "ಬೀಗರ ಮನೀಗೆ ಹೋಗೋ ಮಾಂಸ ನಮ್ಮ ಮಾರಿ ಇದ್ದಂಗ" ಎನ್ನುತ್ತಿದ್ದ.

ತಂಗಿಯ ಪ್ರಯೋಗಕ್ಕೆ ನಾನು ಬೀಗರ ಮಾಂಸ ಕೊಡತೊಡಗಿದೆ.

ಅವಳು ಬರುವ ಹಿಂದಿನ ದಿನ ಫೋನ್ ಮಾಡುತ್ತಿದ್ದಳು. ಮುಂಜಾನೆ ಅವಳು ಬರುವಷ್ಟರಲ್ಲಿ ಎಲ್ಲ ಮುಗಿಸಿ, ತುಂಡುಗಳನ್ನು ಅವಳೇ ಕೊಟ್ಟಿದ್ದ ಚೀಲದಲ್ಲಿ ಹಾಕಿ ಇಟ್ಟಿರುತ್ತಿದ್ದೆ. ಒಮ್ಮೆ ಚೀಲ ಎತ್ತಿ ನೋಡಿ ಕೇಳಿದಳು: "ಮ್ಯಾಲ ಯಾಕ ಬೆಳ್ಳಗ ಕಾಣತೈತಿ, ಅಣ್ಣಾ?"

"ಎಳೀ ಆಡು. ಹಂಗ ಇರತೈತಿ."

"ಹೌದೇನು?" ಎಂದು ಡಬ್ಬಿಯಲ್ಲಿಟ್ಟುಕೊಂಡಳು. ಆಡು ಕುರಿಯ ವಿಷಯದಲ್ಲಿ ಅವಳು ನನ್ನ ಮಾತಿಗೆ ಎದುರು ಮಾತಾಡಿದವಳಲ್ಲ.

ಅವಳ ಪ್ರಯೋಗದ ಕ್ರಮ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ತೊಡೆಯ ಅರ್ಧ ತುಂಡುಗಳನ್ನು ಬರೀ ಪ್ಲಾಸ್ಟಿಕ್ಕಿನಲ್ಲಿ, ಅರ್ಧವನ್ನು ತನ್ನ ಹಾಳೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತಿದ್ದಳು. ಪ್ಲಾಸ್ಟಿಕ್ಕಿನದು ಮೊದಲು ಕೆಟ್ಟು, ಹಾಳೆಯದು ತಡೆದರೆ ಹಾಳೆ ಕೆಲಸ ಮಾಡಿತೆಂದು ಅರ್ಥ. ಈಗ ಎರಡೂ ಬೇಗ ಕೆಡುತ್ತಿರಲಿಲ್ಲ. ಎರಡಕ್ಕೂ ವ್ಯತ್ಯಾಸವೇ ಇಲ್ಲದಾಯಿತು. ಹಾಳೆಯಲ್ಲಿ ದಮ್ಮಿಲ್ಲ ಎಂದರು ಅವಳ ಗೈಡ್. ಅವಳು ಲವಂಗದ ಎಣ್ಣೆ ಹೆಚ್ಚಿಸಿದಳು. ಮತ್ತೂ ಹೆಚ್ಚಿಸಿದಳು. ಆ ಹಾಳೆಯಲ್ಲಿಟ್ಟ ಮಾಂಸವನ್ನು ಮನೆಗೆ ತಂದಾಗ ಅವ್ವ ಸಾರು ಮಾಡಿ, ಒಂದು ತುತ್ತು ಬಾಯಿಗಿಟ್ಟು ತಾಟು ಕೆಳಗಿಟ್ಟಳು.

"ಇದು ಹಲ್ಲು ನೋವಿಗೆ ಹಚ್ಚೋ ಎಣ್ಣಿ ವಾಸನಿ ಹೊಡ್ಯಾಕತ್ತೈತಿ ನೋಡವಾ. ಊಟ ಮಾಡೂದೋ, ಹಲ್ಲಿಗೆ ಹಚ್ಚಿಕೊಳ್ಳೂದೋ?"

ತಂಗಿ ನಗಲಿಲ್ಲ. ನಾನು ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಊಟ ಮುಗಿಸಿದೆ.

ಹೀಗೆ ಮಳೆಗಾಲವೂ ಚಳಿಯೂ ಕಳೆದವು. ಪ್ರತಿ ಸಲ ಹೇಳಬೇಕು ಅನ್ನಿಸುತ್ತಿತ್ತು. ಪ್ರತಿ ಸಲ ಆ ತಟ್ಟೆಯ ಚುಕ್ಕೆಗಳು ಕಣ್ಣಿಗೆ ಬರುತ್ತಿದ್ದವು, ನೀರು ಕಾಯಿಸಲು ಇಡುತ್ತಿದ್ದೆ.

ಕೊನೆಗೆ ಒಂದು ಮುಂಜಾನೆ ಅವಳು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಡಬ್ಬಿ ತೆರೆಯಲಿಲ್ಲ. "ಇದ ಕಡೀ ಸಲ ಅಣ್ಣಾ. ಈ ಸಲಾನೂ ಫರಕ್ ಬರಲಿಲ್ಲಂದ್ರ ಹಾಳಿ ಕೆಲಸ ಬಿಡ್ತೇನಿ. ಸರ್ ಬ್ಯಾರೆ ಏನರ ಹಿಡಿ ಅಂದಾರ. ಮೊದಲಿಂದ ಸುರು ಮಾಡೂದು."

ಚೀಲ ನನ್ನ ಕೈಯಲ್ಲಿತ್ತು. ಅದನ್ನು ಅವಳಿಗೆ ಕೊಡಲಾಗಲಿಲ್ಲ.

"ಇದು ಬೀಗರ ಮಾಂಸ" ಎಂದೆ.

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಮನೆಯಲ್ಲೇ ಬೆಳೆದವಳು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಯಾವಾಗಿಂದ?"

"ನಮ್ಮ ಕೊರಡಿನ ಚಿತ್ರ ತೋರಿಸಿದ್ಯಲ್ಲ, ಆವಾಗಿಂದ."

"ಅದರಾಗ ನಿನ್ನ ಹೆಸರು ಇದ್ದಿಲ್ಲಲ್ಲ."

"ನಾ ಇದ್ನೆಲ್ಲ ಅಲ್ಲೆ. ಮಂದಿ ನಕ್ಕರು."

"ಎಲ್ಲಾರ ಕೊರಡೂ ಹಂಗ ಇರತಾವ ಅಣ್ಣಾ. ಎಲ್ಲಾ ಅಂಗಡ್ಯಾಗ ಬೀಗರ ಮಾಂಸ ಸಿಗತಿದ್ರ ನಾ ಯಾಕ ಈ ಹಾಳಿ ಮಾಡತಿದ್ದೆ?" ಧ್ವನಿ ಏರಲಿಲ್ಲ. ಎದ್ದು ಚೀಲವನ್ನು ನನ್ನ ಕೈಗೇ ಒತ್ತಿದಳು. "ಇದನ್ನ ಅವ್ವಗ ಕೊಡು."

ಆಗ ತಾನೇ ಗಿರಾಕಿಯೊಬ್ಬರಿಗೆ ಇನ್ನೊಂದು ತೊಡೆ ಕಡಿದಿದ್ದೆ. ಕೊರಡಿನ ಮೇಲೆ ಉಳಿದಿದ್ದ ಆ ತುಂಡುಗಳನ್ನು ಅವಳೇ ಕೈಗವಸು ಹಾಕಿಕೊಂಡು ಎತ್ತಿಕೊಂಡಳು. ನನಗೆ "ಹಿಂದ ಸರಿ" ಎಂದಷ್ಟೇ ಹೇಳಿದಳು.

ಆ ತುಂಡುಗಳಲ್ಲಿ ಪ್ಲಾಸ್ಟಿಕ್ಕಿನವು ಮೊದಲು ವಾಸನೆ ಹೊಡೆದವಂತೆ. ಹಾಳೆಯವು ತಡೆದವಂತೆ, ಅದೂ ಕಡಿಮೆ ಎಣ್ಣೆಯ ಮೊದಲಿನ ಹಾಳೆಯಲ್ಲಿ. ಆದರೆ ಒಂದು ಸಲದ್ದು ಲೆಕ್ಕಕ್ಕೆ ಬರುವುದಿಲ್ಲ. ಬೀಗರ ಮಾಂಸದ ಮೇಲೆ ಮಾಡಿದ್ದನ್ನೆಲ್ಲ ಬಿಟ್ಟು ಮತ್ತೆ ಮಾಡಬೇಕಾಗಿ ಬಂತು. ಗೈಡ್ ಕೇಳಿದಾಗ, "ಮಾಂಸ ತರುವಾಗ ನಾನೇ ನಿಗಾ ಇಡಲಿಲ್ಲ" ಎಂದು ಹೇಳಿ ಬೈಸಿಕೊಂಡಳು. ನನ್ನ ಮಾತು ಎತ್ತಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದಲ್ಲ, ಅವಳ ಗೆಳತಿಯೊಬ್ಬಳು ಮಾಂಸ ಒಯ್ಯಲು ಬಂದಾಗ ಹೇಳಿದಳು.

ಕೊರಡಿಗೆ ಈಗ ದಿನವೂ ಕುದಿಯುವ ನೀರು ಹೊಯ್ಯುತ್ತೇನೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹೊಯ್ಯುತ್ತೇನೆ, ಆದರೆ ರವಿವಾರದ ಗದ್ದಲದಲ್ಲಿ ಆಗುವುದಿಲ್ಲ.

ತಂಗಿ ಈಗ ಗಬ್ಬೂರಿನ ಇನ್ನೊಂದು ಅಂಗಡಿಯಿಂದಲೂ ಮಾಂಸ ಒಯ್ಯುತ್ತಾಳೆ. ನಮ್ಮಲ್ಲಿಗೂ ಬರುತ್ತಾಳೆ. ಬರುವ ದಿನ ಮಾತ್ರ ಹೇಳುವುದಿಲ್ಲ. ಡಬ್ಬಿ ಹಿಡಿದು ಬಂದು ನಿಲ್ಲುತ್ತಾಳೆ, ನಾನು ಸತ್ತೂರ ಕೆಳಗಿಟ್ಟು ಹಿಂದೆ ಸರಿಯುತ್ತೇನೆ, ಅವಳಿಗೆ ಬೇಕಾದದ್ದನ್ನು ಅವಳೇ ತೆಗೆದುಕೊಳ್ಳುತ್ತಾಳೆ. ಡಬ್ಬಿ ಮುಚ್ಚಿದ ಮೇಲೆ, "ಅಣ್ಣಾ, ಚಾ ತರಸು" ಎನ್ನುತ್ತಾಳೆ.

ಅವ್ವನಿಗೆ ಮಾತ್ರ ಇದು ಹಿಡಿಸುವುದಿಲ್ಲ. "ಮೊದಲ ಫೋನ್ ಮಾಡಿ ಬರತಿದ್ದಿ. ಈಗೇನಾಗೇತಿ? ಹೇಳಿದ್ರ ಎರಡು ಬಿಸಿ ರೊಟ್ಟಿ ಬಡೀತಿದ್ನೆಲ್ಲ" ಎಂದು ಪ್ರತಿ ಸಲ ಕೇಳುತ್ತಾಳೆ.

"ಲ್ಯಾಬಿನ ಕೆಲಸ ಅವ್ವಾ, ಮೊದಲ ಗೊತ್ತಾಗಂಗಿಲ್ಲ" ಎನ್ನುತ್ತಾಳೆ ತಂಗಿ, ನನ್ನ ಕಡೆ ನೋಡದೆ.

ಅವ್ವನಿಗೆ ಕಾರಣವನ್ನು ನಾನೇ ಹೇಳಬೇಕು. ಇನ್ನೂ ಹೇಳಿಲ್ಲ.