ಗದಿಗೆವ್ವನ ನಿಂತ ಫೋಟೊ

ಬೆಟಗೇರಿಯ ನೇಕಾರ ಫಕ್ಕೀರಪ್ಪನ ಮಗಳು ಗದಿಗೆವ್ವ ತನ್ನ ಮನೆಯ ಬಾಗಿಲನ್ನೂ ತಲೆ ಬಗ್ಗಿಸಿಯೇ ದಾಟಬೇಕಿತ್ತು. ಅಷ್ಟು ಎತ್ತರ. ನೋಡಲು ಬಂದ ಗಂಡಿನ ಕಡೆಯವರು ಅವಳು ಚಹಾ ಕೊಟ್ಟು ನೆಟ್ಟಗೆ ನಿಂತ ಕೂಡಲೇ ವಾಪಸ್ ಬಸ್ಸಿನ ವೇಳೆ ವಿಚಾರಿಸುತ್ತಿದ್ದರು. ಕಡೆಗೆ, ಎಪ್ಪತ್ತಾರನೇ ಇಸವಿಯಲ್ಲಿ, ಫಕ್ಕೀರಪ್ಪ ಒಂದು ಉಪಾಯ ಹೂಡಿದ. ಮೊದಲು ಕೂತ ಫೋಟೊ ಕಳಿಸುವುದು, ಮಾತು ಬಲಿತ ಮೇಲೆ ಮಗಳನ್ನು ತೋರಿಸುವುದು.

ಸ್ಟುಡಿಯೋದ ಪುಂಡಲೀಕಪ್ಪ ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು. ಬರುವಾಗ ‘ನೀಟ್’ ಎಂಬ ಇಂಗ್ಲಿಷ್ ಶಬ್ದವನ್ನೂ ತಂದಿದ್ದ. ಬಾಚಿದ ತಲೆ ನೀಟು, ಒಗೆದ ಪರದೆ ನೀಟು, ಚೆನ್ನಾಗಿ ಬಂದ ಪ್ರಿಂಟೂ ನೀಟು. ಫಕ್ಕೀರಪ್ಪನಿಗೆ ಗೊತ್ತಿದ್ದ ನೀಟು ಬೇರೆ, ಊರ ಮಾತಿನ ‘ನೆಟ್ಟಗೆ’. ಮಗ್ಗಕ್ಕೆ ಬಿಗಿದ ನೂಲು ಎಲ್ಲೂ ಬಾಗದೆ ಉದ್ದಕ್ಕೆ ಇದ್ದರೆ ಅದು ನೀಟು.

“ತಂಗಿ, ಸ್ವಲ್ಪ ನೀಟ ಮಾಡ್ಕೊ” ಎಂದ ಪುಂಡಲೀಕಪ್ಪ.

ಗದಿಗೆವ್ವ ಬೆನ್ನು ನೆಟ್ಟಗೆ ಮಾಡಿದಳು.

“ನೀಟ ಮಾಡಬ್ಯಾಡ್ರಿ” ಎಂದ ಫಕ್ಕೀರಪ್ಪ ಗಾಬರಿಯಿಂದ. “ಮದಲ ನೀಟ ಅದಾಳ. ಒಂಚೂರು ಬಗ್ಗಿಸ್ರಿ.”

“ನಾ ಸೆರಗಿಂದು ಹೇಳಿದೆ.”

“ಸೆರಗು ಬಗ್ಗಿಸಿ ಏನ್ ಮಾಡೂದೈತ್ರಿ?”

ಅಂತೂ ಬಗ್ಗಿಸಿಯೇ ಫೋಟೊ ಆಯಿತು. ಅದನ್ನು ನೋಡಿದ ಲಕ್ಷ್ಮೇಶ್ವರದ ಮನೆತನದವರು ಹುಡುಗಿಗೆ ಹೊಟ್ಟೆನೋವು ಎಂದಿನಿಂದ ಇದೆ ಎಂದು ಕೇಳಿ ಕಳಿಸಿದರು.

ಗದಿಗೆವ್ವ ಆ ಮಾತು ಕೇಳಿಸಿಕೊಂಡಳು. ಅಪ್ಪ ಪೇಟೆಗೆ ಹೋದ ಹೊತ್ತು ನೋಡಿ ಒಬ್ಬಳೇ ಸ್ಟುಡಿಯೋಕ್ಕೆ ಹೋದಳು.

“ನಿಂತದ್ದು ತೆಗೀರಿ. ಪಾದದಿಂದ ತಲಿತನಕ.”

ಪುಂಡಲೀಕಪ್ಪ ಕ್ಯಾಮೆರಾವನ್ನು ಬಾಗಿಲವರೆಗೆ ಹಿಂದೆ ಒಯ್ಯಬೇಕಾಯಿತು. ತೆಗೆದಾದ ಮೇಲೆ, “ನೀಟ ಆತು” ಎಂದ.

“ಯಾವ ನೀಟ್ರಿ?”

ಅವನು ಕ್ಷಣ ಯೋಚಿಸಿದ. “ಎರಡೂ.”

ಅವಳು ಅಲ್ಲಿ ನಗಲಿಲ್ಲ. ಎಣ್ಣೆಗಾಣದ ತಿರುವಿಗೆ ಬಂದಾಗ ನಕ್ಕಳು.

ಆ ಫೋಟೊ ಮಧ್ಯಸ್ಥರ ಕೈ ದಾಟಿ ಶಿರಹಟ್ಟಿಯ ಅರಿವೆ ಅಂಗಡಿಯ ದೇವೇಂದ್ರಪ್ಪನಿಗೆ ಮುಟ್ಟಿತು. ಅವನು ಖುದ್ದಾಗಿ ಬಂದ. ಗಿಡ್ಡ ಆಳು. ಮುಚ್ಚುಮರೆ ಇಲ್ಲದೆ ಹೇಳಿದ: “ಮ್ಯಾಲಿನ ಕಪಾಟಿನ ಸೀರಿ ತಗ್ಯಾಕ ಸ್ಟೂಲ್ ಹತ್ತಬೇಕು. ಹತ್ತಿದ್ರ ನನಗ ತಲಿ ತಿರಗತೈತಿ.”

ಫಕ್ಕೀರಪ್ಪ ಅದನ್ನು ಚೇಷ್ಟೆ ಎಂದುಕೊಂಡು ಅವನು ನಗಲೆಂದು ಕಾದ. ದೇವೇಂದ್ರಪ್ಪ ನಗಲಿಲ್ಲ.

ಬಾಗಿಲ ಹಿಂದಿನಿಂದ ಗದಿಗೆವ್ವ ಕೇಳಿದಳು: “ಅಂಗಡ್ಯಾಗ ನಾ ಕುಂಡ್ರಬೇಕೋ, ನಿಂದರಬೇಕೋ?”

“ನಿಂದರಬೇಕ್ರಿ.”

“ಆತು.”

ಮದುವೆಯಾಗಿ ವರ್ಷ ತುಂಬುವುದರೊಳಗೆ ಅಂಗಡಿಯ ಚಹರೆಯೇ ಬದಲಾಯಿತು. ಧೋತರದ ರಾಶಿಯಲ್ಲಿ ಕುಪ್ಪಸದ ಖಣ ಹುಡುಕುವ ಕಾಲ ಮುಗಿಯಿತು. ಶಿರಹಟ್ಟಿಯವರು ಅವಳನ್ನು ‘ನೀಟಕ್ಕ’ ಎನ್ನತೊಡಗಿದರು. ಅದು ಒಪ್ಪಓರಣಕ್ಕೋ, ಎತ್ತರಕ್ಕೋ ಯಾರೂ ಬಿಡಿಸಿ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಪರವೂರಿನ ಟವೆಲ್ ಮಾರುವವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಅರಿವೆ ಅಂಗಡಿ ಕೇಳಿದ. “ನೀಟ ಹೋಗ್ರಿ, ನೀಟಕ್ಕನ ಅಂಗಡಿ ಬರತೈತಿ” ಎಂದರು. ಅವನು ‘ನೀಟ್’ ಎಂಬ ಬೋರ್ಡು ಹುಡುಕುತ್ತ ನೆಟ್ಟಗೆ ನಡೆದ. ಬೋರ್ಡಿನ ಮೇಲೆ ದೇವೇಂದ್ರಪ್ಪನ ತಂದೆಯ ಹೆಸರಿತ್ತು. ಟವೆಲಿನವನು ಅಂಗಡಿ ದಾಟಿ, ಊರು ದಾಟಿ, ಹತ್ತಿ ಹೊಲ ಮುಟ್ಟಿದ.

ಮಧ್ಯಾಹ್ನ ಇಳಿಯುವಾಗ ಧೂಳು ಮೆತ್ತಿಕೊಂಡು ತಿರುಗಿ ಬಂದವನನ್ನು ಗದಿಗೆವ್ವನೇ ಕರೆದು ಕೂರಿಸಿ ನೀರು ಕೊಟ್ಟಳು. ಗಂಟು ಬಿಚ್ಚಿಸಿ ಒಂದೊಂದೇ ಟವೆಲನ್ನು ಬೆಳಕಿಗೆ ಹಿಡಿದಳು.

“ಅಂಚು ಸೊಟ್ಟ ಅದಾವ್ರಿ” ಎಂದಳು.

ಆದರೂ ಅರ್ಧ ಗಂಟು ಇಳಿಸಿಕೊಂಡಳು. ಅಷ್ಟು ದೂರ ನಡೆದಿದ್ದ, ಪಾಪ.