ಕಾರಿಗೆ ಹಚ್ಚಿದ ಸರಿ

ಆ ಕಾರಿನ ಒಳಛಾವಣಿಯ ಬಟ್ಟೆ ಹರಿದವನು ನಾನು. ಹರಿದ ಕಡೆ ಹುಣಸೆ ಬೀಜದ ಸರಿ ಬಳಿದು, ತೇಪೆ ಅಂಟಿಸಿ, ಏನೂ ಆಗಿಲ್ಲವೆಂಬಂತೆ ಬಾಗಿಲು ಹಾಕಿದವನೂ ನಾನೇ. ನನ್ನ ಅತ್ತಿಗೆ ಗಂಗಮ್ಮ ಅಲ್ಲ. ಇಷ್ಟು ಬರೆಯುವುದಕ್ಕೆ ನನಗೆ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನಮ್ಮದು ಚಳ್ಳಕೆರೆಯಲ್ಲಿ ಕಂಬಳಿ ನೇಯುವ ಮನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ — ತಪ್ಪು ಒಪ್ಪಿಕೊಳ್ಳುವಾಗ ಸುಳ್ಳು ವಿನಯ ಬೇಡ. ಬೆಳಿಗ್ಗೆ ಮಗ್ಗದ ನೂಲಿಗೆ ಸರಿ ಹಚ್ಚಿ, ಕೈ ತೊಳೆದು ಕಾಲೇಜಿಗೆ ಓಡುತ್ತಿದ್ದೆ. ಉಗುರಿನ ಸಂದಿಯಲ್ಲಿ ಉಳಿದದ್ದು ತರಗತಿಯಲ್ಲಿ ಒಣಗಿ ಬಿರಿಯುತ್ತಿತ್ತು. ಸರಿ ಅಂದರೆ ಹುಣಸೆ ಬೀಜವನ್ನು ಹುರಿದು, ಅರೆದು, ಕುದಿಸಿ ಮಾಡುವ ಅಂಟು. ನೇಯುವ ಮುಂಚೆ ಉಣ್ಣೆಯ ನೂಲು ಬಿಗಿಯಾಗಲೆಂದು ಅದನ್ನು ಕುಂಚದಲ್ಲಿ ಬಳಿಯುತ್ತೇವೆ. ಅದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

ನಾನು ಓದಲೆಂದು ಅಣ್ಣ ಬೀರಣ್ಣ ಮಗ್ಗದಲ್ಲೇ ಉಳಿದ. ಉಣ್ಣೆಯ ಧೂಳಿಗೆ ಅವನಿಗೆ ಕೆಮ್ಮು ಹಿಡಿದಿತ್ತು. ಹೇಗಾದರೂ ಮಗ್ಗ ಬಿಡಬೇಕೆಂದು ಎಣ್ಣೆ ಮಿಲ್ಲಿನ ಲಾರಿಯಲ್ಲಿ ಕ್ಲೀನರಾಗಿ ತಿರುಗಿ ಡ್ರೈವಿಂಗ್ ಕಲಿತ, ಲೈಸೆನ್ಸ್ ಮಾಡಿಸಿಕೊಂಡ. ಆ ಹೊತ್ತಿಗೆ ನಾನು ಬಿ.ಎಡ್. ಮುಗಿಸಿ ಮೊಳಕಾಲ್ಮೂರಿನ ಒಂದು ಖಾಸಗಿ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಸೆಕ್ರೆಟರಿ ರೇಷ್ಮೆ ಸೀರೆಯ ವ್ಯಾಪಾರಿ. ಮನೆಯಲ್ಲಿ ಆಡುವುದು ತೆಲುಗು, ಅಂಗಡಿಯಲ್ಲಿ ತೆಲುಗು ಕನ್ನಡ ಎರಡೂ. ಅವರ ಬಿಳಿ ಅಂಬಾಸಿಡರ್ ಕಾರಿನ ಡ್ರೈವರ್ ಕೆಲಸ ಬಿಟ್ಟು ಹೋಗಿದ್ದ. ನಾನು ಅಣ್ಣನ ಹೆಸರು ಹೇಳಿದೆ.

"ಕಾರು ನಿಮ್ಮ ಚಳ್ಳಕೆರೆ ಗ್ಯಾರೇಜಲ್ಲೇ ಐತಲ್ಲಯ್ಯಾ," ಎಂದರು ಅವರು. "ನಿಮ್ಮಣ್ಣ ಶನಿವಾರ ಬಿಡಿಸ್ಕಂಡು ಮನೆ ಮುಂದೆ ಇಟ್ಕಳ್ಲಿ, ಸೋಮವಾರ ತರ್ಲಿ. ಸ್ವಲ್ಪ ದಿನ ಓಡಿಸ್ಲಿ, ಹೆಂಗ್ ನೋಡ್ಕಂತಾನೆ ನೋಡ್ತೀನಿ. ಒಪ್ಪಿಗೆ ಆದ್ರೆ ಹಿತ್ತಲ ರೂಮು ಖಾಲಿ ಐತೆ, ಹೆಂಡ್ತಿ ಮಗೂನ ಕರ್ಕಂಡು ಬಂದ್ಬಿಡ್ಲಿ."

ಆ ಹಿತ್ತಲ ರೂಮು — ಅದನ್ನು ನೋಡದೆಯೇ ಅತ್ತಿಗೆ ಅದರಲ್ಲಿ ಸಂಸಾರ ಹೂಡಿಬಿಟ್ಟಿದ್ದಳು. ಯಾವ ಪಾತ್ರೆ ಒಯ್ಯುವುದು, ಯಾವುದು ಇಲ್ಲೇ ಬಿಡುವುದು ಎಂದು ಅಟ್ಟದಿಂದ ಇಳಿಸಿ ಬೇರೆ ಬೇರೆ ಇಟ್ಟಳು. "ಇನ್ನು ನಿಮ್ಮಣ್ಣ ಸ್ಟೇರಿಂಗ್ ತಿರುವ್ಲಿ, ನಾನು ಕುಂತು ಉಣ್ತೀನಿ ಮೇಷ್ಟ್ರೆ," ಎಂದು ನನ್ನನ್ನು ನಗಿಸಿದಳು. ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ, ಅರ್ಧ ತಮಾಷೆ, ಅರ್ಧ ಹೆಮ್ಮೆ.

ಶನಿವಾರ ಕಾರು ಮನೆ ಮುಂದೆ ಬಂತು, ನಾನೂ ರಜೆಗೆ ಊರಿಗೆ ಬಂದಿದ್ದೆ. ಭಾನುವಾರ ಅಣ್ಣ ಕಂಬಳಿ ಹೊತ್ತು ಸಂತೆಗೆ ಹೋದ. ಅತ್ತಿಗೆ ಮಗುವನ್ನು ಎತ್ತಿಕೊಂಡು ಬಟ್ಟೆ ಒಗೆಯಲು ಹೋದಳು. ಕಾರಿನ ಕೀ ಮೊಳೆಗೆ ನೇತಾಡುತ್ತಿತ್ತು. ನನಗೊಂದು ಆಸೆ. ಗೌನು ಹಾಕಿ ತೆಗೆಸಿಕೊಂಡ ನನ್ನ ದೊಡ್ಡ ಫೋಟೋ ಗೋಡೆಯಲ್ಲಿತ್ತು, ಭಾರೀ ಕಟ್ಟಿನದು. ಅದನ್ನು ಮೊಳಕಾಲ್ಮೂರಿನ ನನ್ನ ಬಾಡಿಗೆ ಕೋಣೆಗೆ ಬಸ್ಸಿನಲ್ಲಿ ಒಯ್ಯಲು ಮನಸ್ಸಿರಲಿಲ್ಲ. ಸೋಮವಾರ ಹೇಗೂ ಕಾರು ಹೋಗುತ್ತದಲ್ಲ — ಹಿಂದಿನ ಸೀಟಿನಲ್ಲಿ ನಿಲ್ಲಿಸಿ ನೋಡಿದೆ. ಅಣ್ಣನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದ, ಅದಕ್ಕೇ ಕೇಳಲಿಲ್ಲ. ಫೋಟೋ ಎತ್ತರವಾಯಿತು. ಹೊರಗೆ ಎಳೆದೆ. ತಗುಲಿಹಾಕುವ ಕೊಕ್ಕೆ ಮೇಲಿನ ಬಟ್ಟೆಗೆ ಸಿಕ್ಕಿಕೊಂಡಿದ್ದು ನನಗೆ ಕಾಣಲಿಲ್ಲ. ಪರ್ ಎಂದು ಶಬ್ದ ಬಂತು. ಅಷ್ಟೆ.

ಒಂದು ಗೇಣಿನಷ್ಟು ಬಟ್ಟೆ ಬಾಯಿ ಬಿಟ್ಟು ಜೋತಾಡುತ್ತಿತ್ತು.

ಆ ಕ್ಷಣದಲ್ಲಿ ನನಗೆ ಅಣ್ಣನ ಕೆಲಸ ನೆನಪಾಯಿತೆಂದರೆ ಸುಳ್ಳಾಗುತ್ತದೆ. ನೆನಪಾಗಿದ್ದು ನನ್ನ ಕಾಯಂ ಆಗದ ಕೆಲಸ. ಸೂಜಿ ತಂದು ನೋಡಿದೆ. ಬಟ್ಟೆ ಬಿಗಿಯಾಗಿತ್ತು, ಹೊಲಿಗೆ ಎಳೆದರೆ ಇನ್ನೂ ಬಿಡುತ್ತಿತ್ತು. ಸೈಕಲ್ ಶಾಪಿನಲ್ಲಿ ಪಂಚರ್ ಹಾಕುವ ಸಲ್ಯೂಷನ್ ಸಿಗುತ್ತಿತ್ತು. ಆದರೆ ಅಂಗಡಿಯವನು ಏತಕ್ಕೆ ಎಂದು ಕೇಳುತ್ತಾನೆ, ನಾನು ಮನೆಗೆ ಬರುವ ಮೊದಲೇ ಸುದ್ದಿ ಸಂತೆ ಮುಟ್ಟುತ್ತದೆ. ಮಗ್ಗದ ಪಕ್ಕದಲ್ಲಿ ಸರಿಯ ಮಡಕೆ ಇತ್ತು. ಹಿಂದಿನ ದಿನ ಅತ್ತಿಗೆ ಕಾಯಿಸಿಟ್ಟದ್ದು.

ಹಳೆಯ ಪಂಚೆಯ ತುಂಡು ಕತ್ತರಿಸಿ, ನನ್ನ ಅಡಿಪಟ್ಟಿಯಿಂದ ಹರಿದ ಬಾಯೊಳಗೆ ತೂರಿಸಿ ಹರವಿದೆ. ಕುಂಚದಲ್ಲಿ ಸರಿ ಬಳಿದೆ. ಎರಡೂ ಅಂಚನ್ನು ಎಳೆದು ಕೂಡಿಸಿ, ತಟ್ಟೆಯ ಬೆನ್ನಿನಿಂದ ಒತ್ತಿ ಹಿಡಿದು ಕೂತೆ. ಕತ್ತು, ತೋಳು ಸೋತವು. ಓಣಿಯಲ್ಲಿ ಯಾರ ಚಪ್ಪಲಿ ಸಪ್ಪಳವಾದರೂ ಕಿಟಕಿಯತ್ತ ತಿರುಗುತ್ತಿದ್ದೆ. ಆದರೆ ಬಿಸಿಲು ಜೋರಿತ್ತು, ಸರಿ ಬೇಗ ಒಣಗಿ ಗರಿಗರಿಯಾಯಿತು. ಕಣ್ಣಿಟ್ಟು ನೋಡಿದರೆ ಮಾತ್ರ ಒಂದು ಸಣ್ಣ ಗೆರೆ. ಗೆದ್ದೆ ಎಂದುಕೊಂಡೆ. ಹೌದು, ಆಗ ಅನ್ನಿಸಿದ್ದು ಅದೇ.

ಸಂಜೆ ಅತ್ತಿಗೆ ಕೇಳಿದಳು, "ಮೇಷ್ಟ್ರೆ, ನಿನ್ ಫೋಟೋ ಯಾಕೆ ವಾರೆಯಾಗೈತೆ?"

"ಧೂಳು ಒರೆಸ್ದೆ ಅತ್ತಿಗೆ," ಎಂದೆ.

ಅಣ್ಣ ಸೋಮವಾರ ಕಾರು ಒಯ್ದ. ಓಡಿಸತೊಡಗಿದ. ಸೆಕ್ರೆಟರಿಗೆ ಅವನ ನಿಧಾನ ಹಿಡಿಸಿತು. ನನಗೆ ಮಾತ್ರ ಸಮಾಧಾನವಿಲ್ಲ. ಶಾಲೆಯ ಅಂಗಳಕ್ಕೆ ಕಾರು ಬಂದಾಗಲೆಲ್ಲ ಅಣ್ಣನನ್ನು ಮಾತಾಡಿಸುವ ನೆಪದಲ್ಲಿ ಕಿಟಕಿಯೊಳಗೆ ತಲೆ ಹಾಕಿ ಮೇಲೆ ನೋಡುತ್ತಿದ್ದೆ. "ಏನಲೇ ತಿಪ್ಪೇಶ, ಮ್ಯಾಗಳಿಂದ ಏನಾರ ಉದುರ್ತೈತಾ?" ಎಂದು ಅವನು ನಕ್ಕಿದ್ದ. ಗೆರೆಯ ಅಂಚು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಪಾಠ ಮಾಡುವಾಗ ಕಣ್ಣ ಮುಂದೆ ಅದೇ ಗೆರೆ. ಅಪರೂಪದ ಮಳೆ ಹಿಡಿದು ಎರಡು ದಿನ ಬಿಡದೆ ಸುರಿದಾಗ ಇನ್ನೊಮ್ಮೆ ಹಚ್ಚಿಬಿಡಲೇ ಎಂದು ಯೋಚಿಸಿದೆ. ಹೇಳಿಬಿಡಲೇ ಎಂದು ಮಾತ್ರ ಒಮ್ಮೆಯೂ —

ಕಂಬಳಿಗೆ ಹಚ್ಚಿದ ಸರಿ ಬಿಸಿಲು ಕಾಣುತ್ತದೆ, ಗಾಳಿ ಕಾಣುತ್ತದೆ, ಆಮೇಲೆ ನೀರಿಗೆ ಬಿದ್ದು ತೊಳೆದುಹೋಗುತ್ತದೆ. ಮುಚ್ಚಿದ ಕಾರಿನೊಳಗೆ, ತೇವದಲ್ಲಿ, ಅದು ಬೇಯಿಸಿದ ಹಿಟ್ಟು, ಅಷ್ಟೆ. ಇರುವೆಗಳಿಗೆ ಗೊತ್ತಾಯಿತು.

ಸೆಕ್ರೆಟರಿ ತಮ್ಮ ತಾಯಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಚಳ್ಳಕೆರೆಗೆ ಕರೆದುಕೊಂಡು ಹೊರಟಿದ್ದರು. ಅಣ್ಣನೇ ಓಡಿಸುತ್ತಿದ್ದ. ದಾರಿಯಲ್ಲಿ ತಳಕು ಊರು ದಾಟುವ ಮುಂಚೆ ಕೆಂಪು ಇರುವೆಗಳು ಮೇಲಿನಿಂದ ಆ ಮುದುಕಿಯ ಕತ್ತಿನ ಮೇಲೆ, ಕುಪ್ಪಸದೊಳಗೆ ಉದುರಿದವಂತೆ. ಅವರು ಕೂಗಿಕೊಂಡು, ರಸ್ತೆ ಬದಿ ಇಳಿದು ಸೆರಗು ಕೊಡವಿಕೊಳ್ಳಬೇಕಾಯಿತಂತೆ. ಸೆಕ್ರೆಟರಿ ತೇಪೆಯ ಅಂಚು ಹಿಡಿದು ಎಳೆದರೆ ಅದು ಮೆತ್ತಗೆ ಕೈಗೆ ಬಂತಂತೆ.

ಮರುದಿನ ನನ್ನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಕಾಗದದಲ್ಲಿ ಆ ತೇಪೆ ಇತ್ತು. ಅವರು ಸೀರೆ ವ್ಯಾಪಾರಿ, ಎಳೆಯನ್ನು ಬೆರಳಲ್ಲಿ ಹೊಸೆದೇ ತಿಳಿಯುವವರು. ನನ್ನ ಕುಂಚದಿಂದ ಅಂಟಿದ್ದ ಕೂದಲನ್ನು ಎತ್ತಿ ಹಿಡಿದರು.

"ಚೂಡಯ್ಯಾ ಮೇಷ್ಟ್ರೇ, ನೋಡು. ಇದು ರೇಷ್ಮೆ ಅಲ್ಲ, ಹತ್ತಿ ಅಲ್ಲ. ಕುರಿ ಉಣ್ಣೆ. ಗ್ಯಾರೇಜಿನೋರು ಹಚ್ಚಿದ್ದಲ್ಲ ಇದು, ನಿಮ್ಮ ಮನೇಲಿ ಹಚ್ಚಿದ್ದು. ಯಾರು?"

ನಾನು ಎಂದು ಹೇಳಲು ಒಂದೇ ಶಬ್ದ ಸಾಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ನಮ್ಮಣ್ಣ ಓದಿದೋನಲ್ಲ ಸಾರ್."

ನೋಡಿ — ಇದರಲ್ಲಿ ಸುಳ್ಳಿಲ್ಲ. ಅಣ್ಣ ಓದಿದವನಲ್ಲ, ನಿಜ. ಅವನು ಹಚ್ಚಿದ ಎಂದು ನಾನು ಹೇಳಲೇ ಇಲ್ಲ. ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡು ಬದುಕಿದೆ. ಆದರೆ ಆ ಮಾತು ಎಲ್ಲಿ ಹೋಗಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಸೆಕ್ರೆಟರಿ ಅಣ್ಣನಿಂದ ಕೀ ಇಸಿದುಕೊಂಡರು. "ಹರಿದಿದ್ದಕ್ಕಲ್ಲಪ್ಪ, ಮುಚ್ಚಿಟ್ಟಿದ್ದಕ್ಕೆ," ಎಂದರಂತೆ. ಅಣ್ಣ ವಾದ ಮಾಡಲಿಲ್ಲ. ಆ ಸರಿ, ಆ ಉಣ್ಣೆ, ಆ ಪಂಚೆಯ ತುಂಡು, ಎಲ್ಲ ನಮ್ಮ ಮನೆಯದೇ ಎಂದು ಅವನಿಗೂ ಗೊತ್ತಾಗಿತ್ತು. ಮನೆಯಲ್ಲಿ ಸರಿ ಕಾಯಿಸುವವಳು ಹೆಂಡತಿ. ಓದಿದ ತಮ್ಮ ಇಂಥದ್ದು ಮಾಡಿರಬಹುದೆಂದು ಅವನ ತಲೆಗೇ ಬರಲಿಲ್ಲ. ನನ್ನ ಡಿಗ್ರಿ ನನ್ನನ್ನು ಕಾಯಿತು — ಅವನು ಕೆಮ್ಮುತ್ತ ಮಗ್ಗಕ್ಕೆ ಕೂತು ಕೊಡಿಸಿದ ಡಿಗ್ರಿ.

ಆ ವಾರ ಊರಿಗೆ ಹೋದಾಗ ಪಾತ್ರೆಗಳು ಮತ್ತೆ ಅಟ್ಟ ಸೇರಿದ್ದವು. ಅಣ್ಣ ಗೋಡೆಗೆ ಒರಗಿ ಕೂತು ಅತ್ತಿಗೆಯನ್ನು ಕೇಳುತ್ತಿದ್ದ.

"ಮಗೂನ ಕಾರಲ್ಲಿ ಕುಂಡ್ರಿಸಿ ಆಡ್ಸಿರ್ತೀಯ, ಹರಿದಿರ್ತೈತೆ. ಹೇಳಾಕೇನಾಗಿತ್ತು ನಿಂಗೆ?"

"ಇಲ್ಲರೀ, ನಾನು ಮುಟ್ಟೇ ಇಲ್ಲ."

"ಮತ್ತೆ ಸರಿ ತಾನೇ ನಡ್ಕಂಡು ಹೋತಾ ಕಾರೊಳಕ್ಕೆ?"

ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನಾರ ಹೇಳಪ್ಪ. ಅವತ್ತು ಮನೇಲಿದ್ದೆಲ್ಲ. ನಾನು ಆ ಕಾರಿನ ಬಾಗಿಲು ಸೈತ ಮುಟ್ಟಿಲ್ಲ ಅಂತ ಹೇಳು."

ಮೊದಲ ಸಲ ಮೇಷ್ಟ್ರೆ ಎನ್ನದೆ ಅಪ್ಪ ಎಂದಿದ್ದಳು.

"ನಾನು ನೋಡಿಲ್ಲ ಅತ್ತಿಗೆ," ಎಂದೆ.

ಅದಾದ ಮೇಲೆ ಅಣ್ಣ ಎಷ್ಟೋ ದಿನ ಅವಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಸಿಟ್ಟು ತಮಾಷೆಯಾಯಿತು. ತಮಾಷೆ ಸಿಟ್ಟಿಗಿಂತ ಹೆಚ್ಚು ಬಾಳಿಕೆ ಬಂತು. "ಆಕೆ ಕೈಗೆ ಸರಿ ಕೊಡಬ್ಯಾಡ್ರಲೇ, ಊರಿಗೆಲ್ಲ ಹಚ್ಚಿ ಮುಚ್ತಾಳೆ," ಎಂದು ಅಣ್ಣ ನೆಂಟರ ಮುಂದೆ ಹೇಳುತ್ತಿದ್ದ. ಓಣಿಯಲ್ಲಿ ಅವಳು ಸರಿ ಗಂಗಮ್ಮ ಆದಳು. ಒಂದು ಸಾಮಾನು ಕಾಣದಿದ್ದರೆ, ಒಂದು ಬಟ್ಟಲು ಒಡೆದರೆ ಮೊದಲು ಅವಳ ಮುಖ ನೋಡುತ್ತಿದ್ದರು. ಎಲ್ಲರೂ ನಗುವಾಗ ನಾನೂ ನಕ್ಕಿದ್ದೇನೆ. ನಗದಿದ್ದರೆ ಯಾರಾದರೂ ನನ್ನ ಕಡೆ ನೋಡಿಯಾರು ಎಂಬ ಭಯಕ್ಕೆ ನಕ್ಕಿದ್ದೇನೆ. ನನ್ನ ಕೆಲಸ ಕಾಯಂ ಆಯಿತು. ಅಣ್ಣ ಮಗ್ಗಕ್ಕೆ ವಾಪಸಾದ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಂದು ಕಂಕುಳಲ್ಲಿದ್ದ ಮಗು ಈಗ ಪಿಯುಸಿ ಓದುತ್ತಿದೆ. ಯಾವುದೋ ಪರೀಕ್ಷೆಯ ಅಂಕ ಮುಚ್ಚಿಟ್ಟಿದ್ದಳೆಂದು ಅತ್ತಿಗೆ ಬೈಯುತ್ತಿದ್ದಳು. ಹುಡುಗಿ ತಲೆ ಬಾಚಿಕೊಳ್ಳುತ್ತಲೇ ಹೇಳಿದಳು:

"ಕಾರಿಗೆ ಸರಿ ಹಚ್ಚಿ ಅಪ್ಪನ ಕೆಲ್ಸ ಕಳ್ದೋಳು ನೀನು. ನಂಗೆ ಬುದ್ಧಿ ಹೇಳ್ತೀಯಾ?"

ಅತ್ತಿಗೆ ನನ್ನ ತಟ್ಟೆಗೆ ಸಾರು ಬಿಟ್ಟು ಒಳಗೆ ಹೋದಳು. ತಟ್ಟೆ ಬಿಟ್ಟೆದ್ದು ಅಡುಗೆಮನೆಗೆ ಹೋದೆ. ಅಲ್ಲಿ, ಒಲೆಯ ಮುಂದೆ, ನಿಂತುಕೊಂಡೇ ಎಲ್ಲ ಹೇಳಿದೆ — ಫೋಟೋ, ಕೊಕ್ಕೆ, ಪಂಚೆ, ಆಫೀಸಿನಲ್ಲಿ ಆಡಿದ ಮಾತು. ಹೇಳುತ್ತಾ ನನಗೆ ಅಳು ಬಂತು. ಹೇಳಿದ ಮೇಲೆ ಎದೆ ಹಗುರವಾದಂತೆಯೂ ಆಯಿತು. ಅದನ್ನೂ ಬರೆಯಬೇಕು, ಯಾಕೆಂದರೆ ಆ ಹಗುರ ನನಗೆ ಸಲ್ಲಬೇಕಾದದ್ದಲ್ಲ.

ಅತ್ತಿಗೆ ರೊಟ್ಟಿ ಮಗುಚಿದಳು. ನನ್ನನ್ನು ನೋಡಲಿಲ್ಲ.

"ಇದನ್ನ ನಂಗ್ಯಾಕೆ ಹೇಳ್ತೀಯ? ನಾನು ಮಾಡಿಲ್ಲ ಅನ್ನಾದು ನಂಗೆ ಗೊತ್ತಿಲ್ಲೇನು? ಗೊತ್ತಿಲ್ದಿರೋದು ಅವ್ರಿಗೆ. ಹೋಗಿ ಅವ್ರಿಗೆ ಹೇಳು."

ಅಣ್ಣ ಹೊರಗೆ ಜಗಲಿಯ ಮೇಲೆ ಕೂತಿದ್ದ. ಮಗಳು ಪಕ್ಕದಲ್ಲಿದ್ದಳು. ಹೊಸ್ತಿಲು ದಾಟಿದೆ. "ಯಾಕಲೇ, ಉಂಡೇ ಇಲ್ಲ?" ಎಂದ ಅಣ್ಣ. ಬಸ್ಸಿಗೆ ಹೊತ್ತಾಯಿತು ಎಂದೆ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ. ಹಿಂದಿನಿಂದ ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳೋ ಏನೋ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಇದನ್ನು ಬರೆಯಲು ಕೂತಾಗ, ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅಣ್ಣನ ಕೈಗೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಅವನಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತದೆ. ಆದರೆ ಹಾಗೆ ಕೊಟ್ಟರೆ ಮತ್ತೆ ನನ್ನ ಓದಿನ ಹಿಂದೆಯೇ ಅವಿತುಕೊಂಡಂತೆ. ಇದು ಅಂಚೆಗೆ ಬೀಳುವ ಮುಂಚೆ ಅವನಿಗೆ ಬಾಯಿಬಿಟ್ಟು ಹೇಳಬೇಕು. ಮಗಳು ಮನೆಯಲ್ಲಿರುವ ಹೊತ್ತಿನಲ್ಲಿ, ಜಗಲಿಯ ಮೇಲೆ, ಓಣಿಗೆ ಕೇಳುವ ದನಿಯಲ್ಲಿ. ಅವನು ಏನನ್ನುತ್ತಾನೋ ತಿಳಿಯದು. ಹೊಡೆದರೂ ಹೊಡೆಯಬಹುದು. ಸುಮ್ಮನೆ ಕೂತುಬಿಟ್ಟರೆ ಅದು ಇನ್ನೂ ಕಷ್ಟ.

ನಾಳೆ ಭಾನುವಾರ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ.