ಬಂಡೆ ಸಾಲಿಗೆ ಹೋದ ಮಣ್ಣೆತ್ತು

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಹುಣಸೆಕಾಯಿ ಉದುರಿಸಲು ಒಂದು ಕಲ್ಲೂ ಸಿಗುತ್ತಿರಲಿಲ್ಲ. ಯಲಬುರ್ಗಾ ಕಡೆಯ ಎರೆಭೂಮಿ ನಮ್ಮದು. ಎತ್ತ ನೋಡಿದರೂ ಕಪ್ಪು ಮಣ್ಣು. ಬೇಸಿಗೆಯಲ್ಲಿ ಆ ಮಣ್ಣು ನಮ್ಮ ಕೈ ಇಳಿಯುವಷ್ಟು ಅಗಲ ಬಿರುಕು ಬಿಡುತ್ತಿತ್ತು. ಮಳೆ ಬಿದ್ದರೆ ಅದೇ ಮಣ್ಣು ಪಾದಕ್ಕೆ ಅಂಟಿ ಅಂಟಿ, ನಾವೆಲ್ಲ ಆನೆಗಳಂತೆ ಕಾಲೆತ್ತಿ ನಡೆಯಬೇಕಾಗುತ್ತಿತ್ತು. ಹುಣಸೆಮರಕ್ಕೆ ನಾವು ಒಣಗಿದ ಮಣ್ಣಿನ ಹೆಂಟೆ ಎಸೆಯುತ್ತಿದ್ದೆವು. ಅದು ಟೊಂಗೆಗೆ ಬಡಿದು ಪುಡಿಯಾಗಿ ನಮ್ಮ ಕಣ್ಣಿಗೇ ಬೀಳುತ್ತಿತ್ತು. ನಮ್ಮ ಮನೆಯಲ್ಲಿದ್ದ ಕಲ್ಲುಗಳೆಂದರೆ ಅವ್ವನ ಒರಳು ಮತ್ತು ಬೀಸುಕಲ್ಲು. ಅವೂ ಸಂತೆಯಿಂದ ಚಕ್ಕಡಿಯಲ್ಲಿ ಬಂದವು.

ಇದನ್ನೆಲ್ಲ ಮೊದಲು ಹೇಳುವುದಕ್ಕೆ ಕಾರಣವಿದೆ. ನಮ್ಮ ಅಕ್ಕ ಓದಲು ಸೇರಬೇಕಿದ್ದ ಸಾಲಿಗೆ, ಅಂದರೆ ಶಾಲೆಗೆ, ಒಂದು ಕಲ್ಲು ಬೇಕಾಗಿತ್ತು.

ನಮ್ಮ ಊರಿನ ಸಾಲಿಯಲ್ಲಿ ನಮ್ಮ ಕೇರಿಯ ಮಕ್ಕಳು ಒಳಗೆ ಕೂರುವಂತಿರಲಿಲ್ಲ. ಬಾಗಿಲ ಹೊರಗಿನ ಕಟ್ಟೆಯೇ ನಮ್ಮ ಜಾಗ. ಮಾಸ್ತರರು ಒಳಗೆ ಹಲಗೆಯ ಮೇಲೆ ಬರೆದದ್ದನ್ನು ಅಕ್ಕ ಕಿಟಕಿಯಿಂದ ಇಣುಕಿ ಬರೆದುಕೊಳ್ಳುತ್ತಿದ್ದಳು. ಹಾಗೆ ಹೊರಗೆ ಕುಳಿತೇ ನಾಲ್ಕನೆಯ ತರಗತಿ ಪಾಸು ಮಾಡಿದಳು. ಅಲ್ಲಿಗೆ ಊರಿನ ಸಾಲಿ ಮುಗಿಯಿತು. ಆಮೇಲೆ ನಮ್ಮ ಸೋದರತ್ತೆ ಬಂದು ತನ್ನ ಮಗನಿಗೆ ಅಕ್ಕನನ್ನು ಕೇಳಿ ಹೋದಳು. ಅಪ್ಪ ಅವ್ವನಿಗೆ ಹೇಳಿದ: "ಈ ವರ್ಷ ಬಂಡೆ ಸಾಲಿಗೆ ಹಚ್ಚಿ ನೋಡೂಣು. ಸೇರಿಸಿಕೊಳ್ಳಲಿಲ್ಲಂದ್ರ ನಿನ್ನ ನಾದಿನಿಗೆ ಹೂಂ ಅಂದ್ರಾತು."

ಬಂಡೆ ಸಾಲಿ ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ಕಡೆ, ಗುಂಡುಗಲ್ಲುಗಳ ಗುಡ್ಡದ ಕೆಳಗಿತ್ತು. ನಮ್ಮಂಥ ಕೇರಿಗಳ ಮಕ್ಕಳಿಗಾಗಿಯೇ ಹುಟ್ಟಿದ ಸಾಲಿ ಅದು; ಅಲ್ಲೇ ಉಳಿದು ಓದಬೇಕು. ಅಲ್ಲಿ ಓದುತ್ತಿದ್ದ ಪಕ್ಕದೂರಿನ ಹುಡುಗನೊಬ್ಬ ಅಕ್ಕನಿಗೆ ಅಲ್ಲಿಯ ಪದ್ಧತಿ ಹೇಳಿದ್ದ. ಸೇರುವ ದಿನ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಲ್ಲು ತರಬೇಕು, ಕಟ್ಟುತ್ತಿರುವ ಗೋಡೆಯಲ್ಲಿ ತಮ್ಮ ಕೈಯಾರೆ ಇಡಬೇಕು.

"ಗಂಗಾವತಿ ಕಡೆ ಬರೀ ಕಲ್ಲ ಅದಾವ ಬಿಡ. ಅಲ್ಲೇ ಒಂದು ಎತ್ಕೊಂಡ್ರಾತು" ಎಂದ ಅಪ್ಪ.

"ಅದು ಅವರೂರ ಕಲ್ಲಪ್ಪ. ನಮ್ಮೂರದು ಬೇಕು" ಎಂದಳು ಅಕ್ಕ. ಆಮೇಲೆ ಆ ಮಾತು ಎತ್ತಲಿಲ್ಲ.

ನಾವು ಹೊರಟದ್ದು ಮಣ್ಣೆತ್ತಿನ ಅಮಾವಾಸ್ಯೆಯಾದ ಎರಡು ದಿನಕ್ಕೆ. ಆ ಹಬ್ಬಕ್ಕೆ ನಮ್ಮ ಕಡೆಯ ಮಕ್ಕಳು ಎರೆಮಣ್ಣನ್ನು ಹದವಾಗಿ ನಾದಿ ಜೋಡೆತ್ತು ಮಾಡುತ್ತಾರೆ, ನಿಮಗೆ ಗೊತ್ತಲ್ಲ ಮಕ್ಕಳೇ. ಪೂಜೆ ಮುಗಿದ ಮೇಲೆ ಅವನ್ನು ಮರದ ಬುಡದಲ್ಲಿ ಬಿಟ್ಟು ಬರಬೇಕು. ನಾನು ಬಿಟ್ಟಿರಲಿಲ್ಲ. ಆ ವರ್ಷ ಮೊದಲ ಬಾರಿಗೆ ನನ್ನ ಎತ್ತುಗಳ ಕೊಂಬು ಮುರಿಯದೆ ಒಣಗಿದ್ದವು. ಗುಲಗಂಜಿಯ ಕಣ್ಣು, ಬೆನ್ನ ಮೇಲೆ ಹೊದಿಸಿದ ಕುಸುಬೆ ಕಾಳಿನ ಝೂಲ. ಎರಡನ್ನೂ ಹಳೆಯ ಅರಿವೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ನಾನೂ ಅಪ್ಪನ ಹಿಂದೆ ಬಿದ್ದೆ.

ನಸುಕಿನಲ್ಲಿ ಅಪ್ಪ ಅಕ್ಕನ ಹಾಸಿಗೆ ಸುರುಳಿ ಎತ್ತಿ ತಲೆಯ ಮೇಲಿಟ್ಟುಕೊಂಡು ಒಂದು ಸಲ ತೂರಾಡಿದ. "ಕೌದಿ ಸುತ್ಯಾಳೋ, ಜೋಳದ ಚೀಲ ಸುತ್ಯಾಳೋ ನಿಮ್ಮವ್ವ!" ಎಂದ. ಅಕ್ಕ ಬಿರಬಿರನೆ ಮುಂದೆ ನಡೆದಳು. ಬಸ್ಸಿನ ರಸ್ತೆ ಮುಟ್ಟುವವರೆಗೂ ಅಪ್ಪ ಕೆಸರಿನಲ್ಲಿ ಕಾಲು ಕೀಳುತ್ತ, ಕುತ್ತಿಗೆ ನೀವಿಕೊಳ್ಳುತ್ತ ನಡೆದ. ಬಸ್ಸಿನಲ್ಲಿ ಸುರುಳಿ ನನ್ನ ಕಾಲ ಬಳಿ ಬಂತು. ಕುಲುಕಾಟಕ್ಕೆ ಕೌದಿಯ ತುದಿ ಸರಿದಾಗ ಒಳಗೆ ಕಂದು ಬಣ್ಣದ ದುಂಡನೆಯ ಅಂಚೊಂದು ಕಂಡಿತು. ಅದರ ಮೇಲೆ ಜೋಳದ ಹಿಟ್ಟು ಇನ್ನೂ ಬೆಳ್ಳಗೆ ಮೆತ್ತಿಕೊಂಡಿತ್ತು. ಅವ್ವನ ಬೀಸುಕಲ್ಲಿನ ಮೇಲಿನ ಕಲ್ಲು! ನಾನು ಬಾಯಿ ತೆರೆದೆ. ಅಕ್ಕ ನನ್ನ ತೊಡೆ ಚಿವುಟಿದಳು. ನಾನು ಬಾಯಿ ಮುಚ್ಚಿದೆ.

ಕೊಪ್ಪಳ ದಾಟಿ ಗಂಗಾವತಿ ಹತ್ತಿರವಾಗುತ್ತಿದ್ದಂತೆ ಹೊರಗಿನ ಬಣ್ಣವೇ ಬದಲಾಯಿತು. ಕಾಲುವೆಯ ನೀರು, ಭತ್ತದ ಸಸಿಮಡಿಗಳ ಎಳೆ ಹಸಿರು, ಹಸಿ ಕೆಸರಿನ ವಾಸನೆ. ಅದರಾಚೆ ಗುಡ್ಡಗಳು. ಮನೆಯಷ್ಟು ದೊಡ್ಡ ಕಲ್ಲುಗಳು ಒಂದರ ಮೇಲೊಂದು ಕುಳಿತಿದ್ದವು. ಅವು ಉರುಳಿ ಬಸ್ಸಿನ ಮೇಲೆ ಬೀಳುತ್ತವೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಮಾತ್ರ ಅವನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು.

ಬಂಡೆ ಸಾಲಿಗೆ ಗೇಟು ಇರಲಿಲ್ಲ. ಎರಡು ದೊಡ್ಡ ಗುಂಡುಗಳ ನಡುವಿನ ಸಂದಿಯೇ ಬಾಗಿಲು. ಒಳಗೆ ಹಾಸುಬಂಡೆ, ಅದರ ಮೇಲೆ ಹುಡುಗರು ಹಗ್ಗಕ್ಕೆ ಸುಣ್ಣದ ಕಡ್ಡಿ ಕಟ್ಟಿ ವೃತ್ತ ಎಳೆಯುತ್ತಿದ್ದರು. ಒಂದು ಗುಂಡಿನ ಮೈಮೇಲೆ ಭಾರತದ ನಕ್ಷೆ ಇತ್ತು. ಇನ್ನೊಂದರ ನೆರಳಿನಲ್ಲಿ ಒಬ್ಬ ಹುಡುಗ ಇಂಗ್ಲಿಷ್ ಪಾಠವನ್ನು ಬಾಯಿಪಾಠ ಮಾಡುತ್ತ ಅತ್ತಿಂದಿತ್ತ ತಿರುಗುತ್ತಿದ್ದ. ಆಚೆ ಬದಿಗೆ ಹೊಸ ಕೋಣೆಯೊಂದರ ಗೋಡೆ ಏಳುತ್ತಿತ್ತು. ದೊಡ್ಡ ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಗೋಡೆಯ ಮೇಲೆ ಕುಳಿತು ಭೂಗೋಳದ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಹೇಳಿದವರಿಗೆ ಕಲ್ಲು ಇಡುವ ಸರದಿ, ಹೇಳದವರಿಗೆ ಮಣ್ಣು ಕಲಸುವ ಸರದಿ.

"ಏ, ನೀ ದಿನಾ ಮಣ್ಣ ಕಲಸತಿ! ತುಂಗಭದ್ರಾ ಎಲ್ಲಿ ಹುಟ್ಟತೈತಿ ಗೊತ್ತಿಲ್ಲ, ಬರೀ ಜಳಕ ಮಾಡಾಕ ಗೊತ್ತೈತಿ" ಎಂದು ಅವಳು ಒಬ್ಬನನ್ನು ಬೈದಾಗ ಎಲ್ಲರೂ ನಕ್ಕರು.

ನಮ್ಮನ್ನು ಕಂಡು ಅವಳು ಕೆಳಗೆ ಜಿಗಿದು ಬಂದಳು. ಹೆಡ್‌ಮಾಸ್ತರರು ಬರುವವರೆಗೆ ಸಾಲಿಯ ಕಥೆ ಹೇಳಿದಳು. ಊರ ಸಾಲಿಯ ಕಟ್ಟೆಯ ಮೇಲೆ ಕುಳಿತಿದ್ದ ಕೆಲವು ಮಕ್ಕಳನ್ನು ಒಬ್ಬ ಮಾಸ್ತರರು ಇಲ್ಲಿಗೆ ಕರೆತಂದು ಈ ಹಾಸುಬಂಡೆಯ ಮೇಲೆ ಕೂರಿಸಿದರಂತೆ. ಮಳೆ ಬಂದರೆ ಗುಂಡುಗಳ ಸಂದಿಯಲ್ಲಿ ಪಾಠ. ಪುಸ್ತಕಗಳಿಗೆ ಒಂದು ತಗಡಿನ ಟ್ರಂಕು. ಆ ಮಕ್ಕಳು ಪರೀಕ್ಷೆ ಪಾಸಾದ ಮೇಲೆ ಸರಕಾರ ಸಾಲಿಯನ್ನು ತನ್ನದಾಗಿ ಮಾಡಿಕೊಂಡಿತು, ಮಾಸ್ತರರು ಹೆಚ್ಚಾದರು, ಹೈಸ್ಕೂಲಾಯಿತು. ಆ ಮೊದಲ ಮಾಸ್ತರರೇ ಈಗಿನ ಹೆಡ್‌ಮಾಸ್ತರರು.

"ಮುಂದ ಕಾಲೇಜ್ ಆಕ್ಕೈತಿ. ಆಗಲಿಲ್ಲಂದ್ರ ನಾ ಇಲ್ಲಿಂದ ಹೋಗಂಗಿಲ್ಲ" ಎಂದಳು ಆ ಹುಡುಗಿ. ಅಕ್ಕನ ಕೈ ಹಿಡಿದು ಗೋಡೆಯ ಮೇಲೆ ಇಡಿಸಿದಳು. "ಇದು ಕುಷ್ಟಗಿ ಕಡೆ ಕೆಂಪು ಕಲ್ಲು. ಇದು ಇಟಗಿದು, ಸವರಿ ನೋಡು, ಬೆಣ್ಣಿ ಹಂಗೈತಿ. ಇದು ನಂದು, ಸಾಣಾಪುರದ್ದು. ನಿಂದು ಎಲ್ಲೈತಿ?"

ಅಕ್ಕ ಹಾಸಿಗೆ ಸುರುಳಿಯ ಕಡೆ ನೋಡಿದಳು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ಧೋತರ, ತೇಪೆ ಹಾಕಿದ ಕೋಟು, ಬಿಳಿ ಮೀಸೆ. ಅಪ್ಪ ಚಪ್ಪಲಿಯನ್ನು ಗುಂಡುಗಳ ಹೊರಗೇ ಬಿಟ್ಟು ಬಂದದ್ದನ್ನು ಅವರು ಮೊದಲು ಗಮನಿಸಿದರು. "ಬಿಸಲಿಗೆ ಹಾಸುಬಂಡಿ ಕಾದೈತಿ. ಹಾಕ್ಕೊಂಡು ಬರ್ರಿ. ಇಲ್ಲಿ ಯಾರೂ ಏನೂ ಅನ್ನಂಗಿಲ್ಲ" ಎಂದರು. ಅಪ್ಪ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದ. ಒಬ್ಬ ಮಾಸ್ತರರ ಎದುರು ಅವನು ಚಪ್ಪಲಿ ಹಾಕಿಕೊಂಡು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೆಡ್‌ಮಾಸ್ತರರು ಅಕ್ಕನಿಂದ ಒಂದು ಪುಟ ಓದಿಸಿದರು, ಒಂದು ಲೆಕ್ಕ ಕೇಳಿದರು. ಅವಳು ಹೇಗೆ ಕಲಿತಳೆಂದು ಅಪ್ಪ ಹೇಳಿದ. "ಶಾಬಾಸ್! ಕಿಟಕಿಯಿಂದ ಕಲಿತಾಕಿ ಇಷ್ಟು ಕಲಿತೀದಿ ಅಂದ್ರ, ಒಳಗ ಕುಂತ್ರ ಮುಗೀತು" ಎಂದರು. ಆಮೇಲೆ, "ಕಲ್ಲು ತಂದಿಯೇನವಾ?"

ಅಕ್ಕ ಸುರುಳಿ ಬಿಚ್ಚಿದಳು. ನಡುವೆ ತೂತಿದ್ದ, ಹಿಟ್ಟು ಮೆತ್ತಿದ ದುಂಡು ಕಲ್ಲು ಬಿಸಿಲಿಗೆ ಬಂತು. ಕಲ್ಲು ದಾಟಿಸುತ್ತಿದ್ದ ಸಾಲು ನಿಂತಿತು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ.

ಅಪ್ಪ ಮಾತ್ರ ನಗಲಿಲ್ಲ. ಹಾಸುಬಂಡೆಯ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡ. "ಯವ್ವಾ... ನಿಮ್ಮವ್ವ ಇವತ್ತ ಯಾತರಾಗ ಬೀಸ್ಬೇಕ? ಮುಂಜಾನಿಂದ ನಾ ಹೊತ್ಕೊಂಡ ಬಂದಿದ್ದು ಇದನ್ನ?"

"ನಮ್ಮೂರಾಗ ಬ್ಯಾರೆ ಕಲ್ಲ ಇಲ್ರಿ ಸರ. ಬರೇ ಎರಿ ಐತ್ರಿ" ಎಂದಳು ಅಕ್ಕ.

ಹೆಡ್‌ಮಾಸ್ತರರು ಆ ಕಲ್ಲನ್ನು ಸವರಿದರು. ಬೆರಳಿಗೆ ಹತ್ತಿದ ಹಿಟ್ಟನ್ನು ನೋಡಿದರು. "ಇದನ್ನ ಗ್ವಾಡ್ಯಾಗ ಇಡಾಕ ಆಗಂಗಿಲ್ಲ ತಾಯಿ. ಒಂದು ಮನಿ ಉಪವಾಸ ಕೆಡವಿ ಇನ್ನೊಂದು ಕಟ್ಟೂದು ಛಲೋ ಅಲ್ಲ" ಎಂದರು. ಪಕ್ಕದ ಗುಂಡಿನಿಂದ ಒಂದು ಚೂರು ಕೊಡುತ್ತಾರೆ ಎಂದು ಅಪ್ಪ ಆಸೆಯಿಂದ ಅತ್ತ ನೋಡಿದ. ಅವರು ತಲೆ ಅಲ್ಲಾಡಿಸಿದರು. "ಅದಲ್ರಿ. ನಮ್ಮ ನಮ್ಮ ಊರಾಗ ನಾವು ಬಾವಿ ಕಟ್ಟಿ ಮುಟ್ಟಂಗಿಲ್ಲ, ಸಾಲಿ ಹೊಸ್ತಿಲ ಮುಟ್ಟಂಗಿಲ್ಲ. ಇಲ್ಲಿ ಪ್ರತಿ ಮಗೂನೂ ಗ್ವಾಡಿ ಮುಟ್ಟಿ, ಇದು ನಮ್ಮೂರದು, ನಾ ಇಟ್ಟಿದ್ದು ಅನಬೇಕು. ಅದಕ್ಕ ಈ ಪದ್ಧತಿ. ಕಲ್ಲು ತಗೊಂಡು ಇನ್ನೊಮ್ಮೆ ಬರ್ರಿ, ಜಾಗಾ ಇಟ್ಟಿರತೀನಿ."

ಇನ್ನೊಮ್ಮೆ! ಆ ಇನ್ನೊಮ್ಮೆ ಬರುವುದರೊಳಗೆ ಸೋದರತ್ತೆ ವೀಳ್ಯದೆಲೆ ತಂದು ನಮ್ಮ ಮನೆಯಲ್ಲಿ ಕುಳಿತಿರುತ್ತಾಳೆ ಎಂದು ಅಪ್ಪನಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅಕ್ಕ ಕೌದಿ ಸುತ್ತತೊಡಗಿದಳು. ಅವಳ ಕಣ್ಣೀರು ಕಲ್ಲಿನ ಹಿಟ್ಟಿನ ಮೇಲೆ ಬಿದ್ದು ಸಣ್ಣ ಸಣ್ಣ ಕಪ್ಪು ಚುಕ್ಕೆಗಳಾದವು.

ಆಗ ಹೆಡ್‌ಮಾಸ್ತರರ ಕಣ್ಣು ನನ್ನ ಮೇಲೆ ಬಿತ್ತು. "ನಿನ್ನ ಅರಿವ್ಯಾಗ ಏನೈತಿ?"

ನಾನು ತೋರಿಸಿದೆ, ಹೆಮ್ಮೆಯಿಂದಲೇ. ಅವರು ಬಗ್ಗಿ ಒಂದು ಎತ್ತಿನ ಬೆನ್ನನ್ನು ಉಗುರಿನಿಂದ ತಟ್ಟಿದರು. ಟಣ್ ಎಂದಿತು. "ಎಲ್ಲಿದು ಈ ಮಣ್ಣು?"

"ನಮ್ಮ ಹೊಲದ್ದು."

"ಕಲ್ಲಾಗೇತಲ್ಲ ಇದು!" ಎಂದರು ಅವರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎತ್ತುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. "ಕೊಡಂಗಿಲ್ಲ" ಎಂದೆ. ಅಪ್ಪ ಗದರಲು ಬಾಯಿ ತೆರೆದ. ಹೆಡ್‌ಮಾಸ್ತರರು ಕೈ ಅಡ್ಡ ಹಿಡಿದು, ಆ ಧೋತರದಲ್ಲೇ ನನ್ನ ಎದುರು ನೆಲಕ್ಕೆ ಕುಳಿತರು.

"ಬ್ಯಾಡ ಬಿಡು, ನಿನ್ನ ಎತ್ತು ನಿಂದು. ಆದ್ರ ಒಂದು ಮಾತು ಕೇಳತೀನಿ. ಒಂದು ಎತ್ತು ನಿಮ್ಮ ಅಕ್ಕಂದು ಅಂತ ಇಲ್ಲಿ ಇಡೂಣು. ಇನ್ನೊಂದು ನಿಂದು, ನಿನ್ನ ಹತ್ರ ಇರಲಿ. ನೀ ದೊಡ್ಡಾಕಿ ಆದಮ್ಯಾಗ ಅದನ್ನ ತಗೊಂಡು ಬಾ. ಜೋಡಿ ಕೂಡತೈತಿ."

"ನನ್ನೂ ಸೇರಿಸ್ಕೋತೀರೇನ್ರಿ?"

"ಎತ್ತು ಕೈಯಾಗ ಇದ್ದಾಕಿನ್ನ ಬ್ಯಾಡ ಅನ್ನಾಕ ನನಗ ಧೈರ್ಯ ಐತೇನು!"

ನಾನು ಅರಿವೆಯೊಳಗೇ ಎರಡರ ಕೊಂಬನ್ನೂ ತಡವಿ ನೋಡಿದೆ. ಕೊಂಬು ತುಸು ಸೊಟ್ಟಗಿದ್ದ ಎತ್ತನ್ನು ಕೊಡಲೆಂದು ಮೊದಲು ಹೊರತೆಗೆದೆ. ಅಕ್ಕನ ಮುಖ ನೋಡಿದೆ. ಅದನ್ನು ಒಳಗಿಟ್ಟು ನೆಟ್ಟಗಿನ ಕೊಂಬಿನದನ್ನು ಕೊಟ್ಟೆ.

ಅಲ್ಲಿಯ ಗೋಡೆಗಳಿಗೆ ಎರಡು ಮುಖ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮಣ್ಣು. ಕಿಟಕಿಯ ಎಡಗಡೆ ಅಕ್ಕ ಎತ್ತನ್ನು ಗೋಡೆಯ ಹೊಟ್ಟೆಯೊಳಗೆ ನಿಲ್ಲಿಸಿದಳು. ಸುತ್ತ ಒಣ ಮಣ್ಣು ತುಂಬಿದಳು. ಎರಡು ಜಡೆಯ ಹುಡುಗಿ ಅದರ ಮೇಲೆ ಕುಷ್ಟಗಿಯ ಕೆಂಪು ಕಲ್ಲೊಂದನ್ನು ಚಪ್ಪರದಂತೆ ಕೂರಿಸಿದಳು. ಗುಲಗಂಜಿ ಕಣ್ಣು ಕೊನೆಗೆ ಮರೆಯಾಯಿತು. ಅಕ್ಕ ಗೋಡೆಯ ಮೇಲೆ ಅಂಗೈ ಊರಿ, "ನಮ್ಮೂರದು" ಎಂದಳು.

ಬೀಸುಕಲ್ಲು ಮತ್ತೆ ಅಪ್ಪನ ತಲೆಯೇರಿ ಊರಿಗೆ ಬಂತು. ಅವ್ವ ಮುಂಜಾನೆಯಿಂದ ಇಡೀ ಕೇರಿ ಹುಡುಕಿ, ಕಲ್ಲು ಕದ್ದವರ ಕೈ ಸೇದಿಹೋಗಲಿ ಎಂದು ಬೈದು, ಪಕ್ಕದ ಮನೆಯಲ್ಲಿ ಜೋಳ ಬೀಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಅಪ್ಪನ ತಲೆಯನ್ನು ನೋಡಿದಳು, ಅವನ ಹಿಂದೆ ನಾನೊಬ್ಬಳೇ ಇದ್ದದ್ದನ್ನು ನೋಡಿದಳು.

"ಮಗಳನ್ನ ಬಿಟ್ಟು ಕಲ್ಲ ಕರ್ಕೊಂಡು ಬಂದ್ರೇನು?" ಎಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ, ಅಳುತ್ತ ಒಳಗೆ ಹೋದಳು. ಉಳಿದ ಎತ್ತು ದೀಪದ ಗೂಡಿನಲ್ಲಿ ಕುಳಿತಿತು. ನಾನು ಕೈಗೆಟುಕುವಷ್ಟು ಎತ್ತರವಾಗುವವರೆಗೂ ಅವ್ವ ಅದನ್ನು ಇಲಿ, ಹಲ್ಲಿ, ತಮ್ಮಂದಿರು ಎಲ್ಲರಿಂದ ಕಾಯ್ದಳು. ಆಮೇಲೆ ನಾನೂ ಹೋದೆ. ನನ್ನ ಸೊಟ್ಟ ಕೊಂಬಿನದು ಹುಡುಗಿಯರ ಹಾಸ್ಟೆಲಿನ ಗೋಡೆಯಲ್ಲಿದೆ.

ಮಕ್ಕಳೇ, ಬಂಡೆ ಸಾಲಿ ಕಾಲೇಜಾಯಿತು. ಅಕ್ಕ ಅಲ್ಲೇ ಗಣಿತ ಕಲಿಸಿದಳು. ಈಗ ಅಲ್ಲಿ ಎಂ.ಎಸ್‌ಸಿ.ವರೆಗೆ ಇದೆ, ಎಲ್ಲ ಕೇರಿಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಟ್ರಂಕಿನಲ್ಲಿದ್ದ ಪುಸ್ತಕಗಳಿಗೆ ಒಂದು ಇಡೀ ಅಂತಸ್ತಿನ ಗ್ರಂಥಾಲಯ ಬಂದಿದೆ. ನನ್ನ ಮೊಮ್ಮಗಳು ಈ ವರ್ಷ ಅಲ್ಲಿ ಬಿ.ಎಸ್‌ಸಿ. ಸೇರಿದಳು. ಅವಳ ಅರ್ಜಿಯೆಲ್ಲ ಮೊಬೈಲಿನಲ್ಲೇ ಮುಗಿಯಿತು. ಕಲ್ಲು ತರುವ ಪದ್ಧತಿ ನಿಂತು ಬಹಳ ಕಾಲವಾಗಿದೆ, ಕಟ್ಟಡಗಳು ಸಿಮೆಂಟಿನವು. ಅದರಿಂದ ನನಗೇನೂ ಬೇಸರವಿಲ್ಲ. ಅವಳು ಯಾವ ಕಿಟಕಿಯ ಹೊರಗೂ ನಿಂತವಳಲ್ಲ.

ಮೊನ್ನೆ ಅವಳು ವಿಡಿಯೊ ಕರೆ ಮಾಡಿದ್ದಳು. "ಅಜ್ಜಿ, ಹಳೇ ಕೋಣ್ಯಾಗ ಕುಂತೀನಿ. ಕಿಟಕಿ ಎಡಕ್ಕ ಅಂದ್ಯಲ್ಲ, ಒಳಗಿಂದ ನೋಡಿದ್ರ ಎಡಕ್ಕೋ, ಹೊರಗಿಂದ ನೋಡಿದ್ರ ಎಡಕ್ಕೋ?"

"ಒಳಗಿಂದ" ಎಂದೆ.

ಅವಳು ಜರುಗಿ ಆ ಗೋಡೆಗೆ ಬೆನ್ನು ಹಚ್ಚಿ ಕುಳಿತು ಪುಸ್ತಕ ತೆರೆದಳು. ಇಲ್ಲಿ ನನ್ನ ಪಕ್ಕದಲ್ಲಿ ನಿಂತು ಮೊಬೈಲು ನೋಡುತ್ತಿದ್ದ ಅವಳ ತಮ್ಮ ಒಂದೇ ಓಟಕ್ಕೆ ಹೊಲಕ್ಕೆ ಹೋಗಿ ಎರೆಮಣ್ಣು ತಂದ. ಈಗ ನನ್ನ ಮುಂದೆ ಅಂಗಳದಲ್ಲಿ ಅವನ ಜೋಡೆತ್ತು ಒಣಗುತ್ತಿವೆ. ಒಂದನ್ನು ತನ್ನ ಅಕ್ಕನಿಗೆ ಕಳಿಸಬೇಕಂತೆ. ಯಾವುದನ್ನು ಕೊಡಬೇಕೆಂದು ಮುಂಜಾನೆಯಿಂದ ಎರಡರ ಕೊಂಬನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ.